ಅನ್ನ ಬಿಟ್ಟವರ ಆಯಾಸ



ನಮ್ಮ ವಾರ್ಷಿಕ ಸಭೆಗಳಲ್ಲಿ ಅಂಕಗಳು, ವಿದ್ಯಾರ್ಥಿವೇತನ, ಉದ್ಯೋಗ ಇವುಗಳ ಬಗ್ಗೆ ಸಾಕಷ್ಟು ಮಾತನಾಡುತ್ತೇವೆ. ಇಂದು ನಾನು ಊಟದ ತಟ್ಟೆಯ ಬಗ್ಗೆ ಮಾತನಾಡಲು ಬಯಸುತ್ತೇನೆ. ನಾನು ಕಲಿಸುವುದು ಭಾಷೆ, ವೈದ್ಯಶಾಸ್ತ್ರವಲ್ಲ. ಆದ್ದರಿಂದ ಯಾರಿಗೂ ಔಷಧಿ ಹೇಳುವುದಿಲ್ಲ. ಆದರೆ ತರಗತಿಯಲ್ಲೂ ಮೊಹಲ್ಲಾದಲ್ಲೂ ಕಣ್ಣಿಗೆ ಬೀಳುತ್ತಿರುವ ಒಂದು ಸಂಗತಿಯನ್ನು ತಮ್ಮ ಮುಂದಿಡುವುದು ಶಿಕ್ಷಕರಾದವರ ಕರ್ತವ್ಯವೆಂದು ಭಾವಿಸಿದ್ದೇನೆ.

ಬೊಮ್ಮನಹಳ್ಳಿಯಲ್ಲಿ ಈಗ ಗಲ್ಲಿಗೊಂದು ಜಿಮ್ ಇದೆ. ನಮ್ಮ ಯುವಕರು ದೇಹ ಬೆಳೆಸಿಕೊಳ್ಳುವುದು ಸಂತೋಷದ ವಿಷಯವೇ. ಆದರೆ ಜಿಮ್ಮಿನ ಜೊತೆಗೆ ಒಂದು ಊಟದ ಪದ್ಧತಿಯೂ ಬಂದಿದೆ. ಅನ್ನ, ರಾಗಿ, ಚಪಾತಿ, ಬೇಳೆ, ಹಣ್ಣು ಎಲ್ಲವನ್ನೂ ಬಿಟ್ಟು ಮಾಂಸ, ಮೊಟ್ಟೆ, ಕೊಬ್ಬನ್ನೇ ತಿನ್ನುವುದು. ಇದಕ್ಕೆ ಕೀಟೊ ಎನ್ನುತ್ತಾರೆ. ತರಕಾರಿಯನ್ನೂ ಬಿಟ್ಟು ಬರೀ ಮಾಂಸ ತಿಂದರೆ ಕಾರ್ನಿವೋರ್ ಎನ್ನುತ್ತಾರೆ. ಮಾಂಸ ನಮಗೆ ಹೊಸದಲ್ಲ, ಆದ್ದರಿಂದ ಇದು ನಮ್ಮ ಹುಡುಗರಿಗೆ ಬಹಳ ಸುಲಭವಾಗಿ ಕಾಣುತ್ತದೆ.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆಯೇ ಎಂಟು ತಿಂಗಳು ನಡೆಸಿದ. ಮನೆಮನೆಗೆ ಪಾರ್ಸೆಲ್ ತಲುಪಿಸುವ ಕೆಲಸ. ಮೊದಲ ಎರಡು ತಿಂಗಳಲ್ಲಿ ತೂಕ ಚೆನ್ನಾಗಿ ಇಳಿಯಿತು, ಎಲ್ಲರೂ ಹೊಗಳಿದರು. ಆಮೇಲೆ ದಣಿವು ಶುರುವಾಯಿತು. ಮೂರನೇ ಮಹಡಿ ಹತ್ತುವಾಗ ಕಾಲು ಸೋಲುತ್ತಿತ್ತು. ಜುಮಾ ದಿನ ಖುತ್ಬಾ ಕೇಳುತ್ತಾ ಕುಳಿತಲ್ಲೇ ತೂಕಡಿಕೆ. ತಾಯಿ ನಝರ್ ತಗುಲಿದೆ ಎಂದರು. ತಂದೆ ಸೋಮಾರಿಯಾಗಿದ್ದಾನೆ ಎಂದರು. ಜಿಮ್ಮಿನ ಗೆಳೆಯರು ದೇಹ ಒಗ್ಗಿಕೊಳ್ಳುತ್ತಿದೆ, ಇನ್ನೊಂದು ತಿಂಗಳು ತಡೆದುಕೋ ಎಂದರು. ವೈದ್ಯರ ಹತ್ತಿರ ಹೋಗು ಎಂದು ಹೇಳಿದವರು ಮಾತ್ರ ಯಾರೂ ಇರಲಿಲ್ಲ. ನನ್ನ ಮಾತಿನ ಸಾರವೆಲ್ಲ ಇದರಲ್ಲೇ ಇದೆ. ತಿಂಗಳುಗಟ್ಟಲೆ ಬಿಡದ ದಣಿವು ಸೋಮಾರಿತನವಲ್ಲ, ಸಹನೆಯ ಪರೀಕ್ಷೆಯೂ ಅಲ್ಲ. ಅದಕ್ಕೆ ಕಾರಣವಿರುತ್ತದೆ, ಆ ಕಾರಣವನ್ನು ಹುಡುಕಬೇಕು.

ಮೊದಲು ಈ ಪದ್ಧತಿ ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಕೀಟೊ ಹುಟ್ಟಿದ್ದು ಆಸ್ಪತ್ರೆಯಲ್ಲಿ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯ ರಸೆಲ್ ವೈಲ್ಡರ್ ಮೂರ್ಛೆರೋಗದ ಚಿಕಿತ್ಸೆಗಾಗಿ ಇದನ್ನು ಸೂಚಿಸಿದರು. ಔಷಧಿಗೆ ಬಗ್ಗದ ಮೂರ್ಛೆರೋಗವಿರುವ ಕೆಲವು ಮಕ್ಕಳಿಗೆ ಇಂದಿಗೂ ನರರೋಗ ತಜ್ಞರು ಇದನ್ನು ಕೊಡುತ್ತಾರೆ. ಅಲ್ಲಿ ಪ್ರತಿ ತುತ್ತನ್ನೂ ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ, ವಿಟಮಿನ್ ಮತ್ತು ಲವಣಗಳನ್ನು ಬೇರೆಯಾಗಿ ಕೊಡುತ್ತಾರೆ, ಆಗಾಗ ರಕ್ತ ಪರೀಕ್ಷೆ ಮಾಡುತ್ತಾರೆ. ನಮ್ಮ ಹುಡುಗರು ತೆಗೆದುಕೊಂಡದ್ದು ಊಟವನ್ನು ಮಾತ್ರ, ಆ ತಕ್ಕಡಿಯನ್ನೂ ಪರೀಕ್ಷೆಯನ್ನೂ ಬಿಟ್ಟರು.

ದಣಿವೇಕೆ ಆಗುತ್ತದೆ? ಕೀಟೊ ಪದ್ಧತಿಯಲ್ಲಿ ದಿನಕ್ಕೆ 50 ಗ್ರಾಮಿಗಿಂತ ಕಡಿಮೆ ಪಿಷ್ಟ, ಸಕ್ಕರೆ ತಿನ್ನಬೇಕು. 100 ಗ್ರಾಂ ರಾಗಿಯಲ್ಲೇ ಸುಮಾರು 67 ಗ್ರಾಂ ಇರುತ್ತದೆ. ಎಂದರೆ ಒಂದು ದೊಡ್ಡ ಮುದ್ದೆಗೇ ಲೆಕ್ಕ ಮುಗಿಯಿತು. ನಾವು ತಿಂದ ಪಿಷ್ಟದ ಒಂದು ಭಾಗ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಗ್ಲೈಕೋಜನ್ ಆಗಿ ಕೂಡಿಕೊಂಡಿರುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು 3 ಗ್ರಾಂ ನೀರೂ ಇರುತ್ತದೆ. ಅನ್ನ, ರೊಟ್ಟಿ ನಿಲ್ಲಿಸಿದಾಗ ಈ ದಾಸ್ತಾನು ಕರಗುತ್ತದೆ, ನೀರು ಹೊರಹೋಗುತ್ತದೆ. ಮೊದಲ ವಾರ ತಕ್ಕಡಿ ತೋರಿಸುವ ಇಳಿಕೆಯಲ್ಲಿ ಬಹುಪಾಲು ಈ ನೀರೇ. ಇನ್ಸುಲಿನ್ ಕಡಿಮೆಯಾದಂತೆ ಮೂತ್ರಪಿಂಡಗಳು ಉಪ್ಪನ್ನೂ ಹೆಚ್ಚಾಗಿ ಹೊರಹಾಕುತ್ತವೆ. ಆಗ ತಲೆಸುತ್ತು, ಸ್ನಾಯು ಸೆಳೆತ, ಸುಸ್ತು. ದೇಹ ಕೊಬ್ಬನ್ನು ಉರಿಸಲು ಕಲಿತಂತೆ ಇದು ಕೆಲವು ವಾರಗಳಲ್ಲಿ ಕಡಿಮೆಯಾಗಬೇಕು. ಆದರೆ ತಿಂಗಳುಗಳು ಕಳೆದರೂ ಹೋಗದಿದ್ದರೆ ಬೇರೆ ಕಾರಣವಿದೆ ಎಂದೇ ತಿಳಿಯಬೇಕು.

ನಮ್ಮ ಆ ವಿದ್ಯಾರ್ಥಿಯ ವಿಷಯದಲ್ಲಿ ಕಾರಣವೇನಿತ್ತು ಗೊತ್ತೇ? ಕೊನೆಗೆ ವೈದ್ಯರು ಅವನ ಊಟವನ್ನು ಬರೆಸಿ ನೋಡಿದರು. ಪಿಷ್ಟ ಬೇಡವೆಂದು ಅನ್ನ ಬಿಟ್ಟಿದ್ದ, ಕೊಬ್ಬಿಗೂ ಹೆದರಿ ಚರ್ಮ ತೆಗೆದ ಕೋಳಿ ಮತ್ತು ಮೊಟ್ಟೆಯ ಬಿಳಿಭಾಗ ಮಾತ್ರ ತಿನ್ನುತ್ತಿದ್ದ. ಒಲೆಗೆ ಕಟ್ಟಿಗೆಯೂ ಇಲ್ಲ, ಸೀಮೆಎಣ್ಣೆಯೂ ಇಲ್ಲ. ದಿನವಿಡೀ ಬೈಕ್ ಓಡಿಸುವ ದೇಹಕ್ಕೆ ಶಕ್ತಿ ಎಲ್ಲಿಂದ ಬರಬೇಕು? ಇದು ಹೊಸ ಪಾಠವೇನಲ್ಲ. ಧ್ರುವ ಪ್ರದೇಶದಲ್ಲಿ ಇನ್ಯೂಟ್ ಜನರೊಡನೆ ಬಾಳಿದ್ದ ಸಂಶೋಧಕ ಸ್ಟೆಫಾನ್ಸನ್, 1928ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರ ನಿಗಾದಲ್ಲಿ ಬರೀ ಮಾಂಸ ತಿನ್ನುವ ಪ್ರಯೋಗಕ್ಕೆ ಒಳಗಾದರು. ಆರಂಭದಲ್ಲಿ ಕೊಬ್ಬಿಲ್ಲದ ಮಾಂಸ ಕೊಟ್ಟಾಗ ಕೆಲವೇ ದಿನಗಳಲ್ಲಿ ಕಾಯಿಲೆ ಬಿದ್ದರು. ಕೊಬ್ಬು ಸೇರಿಸಿದ ಮೇಲೆ ಚೇತರಿಸಿಕೊಂಡರು. ಮಾಂಸದ ಪ್ರೋಟೀನನ್ನೇ ಪೂರ್ತಿ ಇಂಧನ ಮಾಡಿಕೊಳ್ಳುವ ಸಾಮರ್ಥ್ಯ ನಮ್ಮ ಯಕೃತ್ತಿಗಿಲ್ಲ.

ಎಲ್ಲರ ದಣಿವಿಗೂ ಇದೇ ಕಾರಣವಲ್ಲ. ಹಣ್ಣು, ಸೊಪ್ಪು, ಬೇಳೆ ಬಿಟ್ಟವರಿಗೆ ಫೋಲೇಟ್, ವಿಟಮಿನ್ ಸಿ, ಮೆಗ್ನೀಷಿಯಂ ಕಡಿಮೆಯಾಗಬಹುದು. ಥೈರಾಯ್ಡ್ ತೊಂದರೆ, ವಿಟಮಿನ್ ಡಿ ಅಥವಾ ಬಿ12 ಕೊರತೆ, ನಿದ್ದೆಗೇಡು, ಊಟಕ್ಕೆ ಸಂಬಂಧವೇ ಇಲ್ಲದ ಬೇರೆ ರೋಗ ಇವೂ ಇರಬಹುದು.

ಇಲ್ಲಿ ನಮ್ಮ ತಾಯಂದಿರು, ಅಕ್ಕತಂಗಿಯರ ಮಾತನ್ನು ಹೇಳಲೇಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ಹೊಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದಿನವಿಡೀ ದುಡಿದು, ಮನೆಗೆ ಬಂದು ಅಡುಗೆ ಮಾಡುವ ಮಹಿಳೆ ಸುಸ್ತು ಎಂದರೆ ಕೆಲಸದ ಸುಸ್ತು ಎಂದು ಸುಮ್ಮನಾಗುತ್ತೇವೆ. ಅಂಥವರು ತೂಕ ಇಳಿಸಲು ಊಟವನ್ನೂ ಕಡಿಮೆ ಮಾಡಿದರೆ ಏನಾದೀತು? ಇನ್ನೊಂದು ಮಾತು. ಊಟವಾದ ಕೂಡಲೇ ಚಹಾ ಕುಡಿಯುವುದು ನಮ್ಮ ಮನೆಗಳ ವಾಡಿಕೆ. ಚಹಾ ಆಹಾರದಲ್ಲಿನ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಒಂದು ಗಂಟೆ ತಡವಾಗಿ ಕುಡಿಯಿರಿ. ಊಟದ ಜೊತೆಗೆ ನಿಂಬೆಹಣ್ಣು ಹಿಂಡಿಕೊಳ್ಳಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಹೆಣ್ಣುಮಕ್ಕಳು ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಬೇಡಿ, ನುಂಗಿ.

ಸಕ್ಕರೆ ಕಾಯಿಲೆ ಇರುವವರಿಗೆ ವಿಶೇಷ ಎಚ್ಚರಿಕೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುತ್ತಾ ಅನ್ನ, ಚಪಾತಿ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳ ಜೊತೆ ಕೀಟೊ ಮಾಡಿದರೆ ರಕ್ತದಲ್ಲಿ ಆಮ್ಲ ಹೆಚ್ಚಿ ಪ್ರಾಣಕ್ಕೇ ಸಂಚಕಾರ ಬರಬಹುದು. ಆಗ ಸಕ್ಕರೆಯ ಅಂಕಿ ಸಹಜವಾಗಿಯೇ ಕಂಡು ಮೋಸವಾಗುತ್ತದೆ. ವಾಂತಿ, ಹೊಟ್ಟೆನೋವು, ವೇಗದ ಉಸಿರಾಟ, ಮಂಕು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು, ಬೆಳೆಯುವ ಮಕ್ಕಳು ವೈದ್ಯರಿಲ್ಲದೆ ಇದರ ಹತ್ತಿರವೂ ಸುಳಿಯಬಾರದು. ಅಕ್ಟೋಬರ್ 2020ರಲ್ಲಿ ನಮ್ಮ ಬೆಂಗಳೂರಿನ ಆಸ್ಪತ್ರೆಯಲ್ಲೇ ನಟಿ ಮಿಷ್ಟಿ ಮುಖರ್ಜಿ ತೀರಿಕೊಂಡಾಗ, ಕೀಟೊ ಆಹಾರದಿಂದ ಮೂತ್ರಪಿಂಡ ವಿಫಲವಾಯಿತು ಎಂಬ ಹೇಳಿಕೆ ಪತ್ರಿಕೆಗಳಲ್ಲಿ ಬಂದಿತ್ತು. ಒಂದು ಸಾವಿನಿಂದ ಇಡೀ ಪದ್ಧತಿಯ ಮೇಲೆ ತೀರ್ಪು ಕೊಡಲಾಗದು. ಆದರೆ ಇದು ಆಟದ ವಸ್ತುವಲ್ಲ ಎಂಬ ಎಚ್ಚರ ನಮಗಿರಲಿ.

ಹಾಗಾದರೆ ಹಳೆಯ ಊಟವೇ ಸರಿಯೇ ಎಂದು ತಾವು ಕೇಳಬಹುದು. ಅದೂ ಪೂರ್ತಿ ಸರಿಯಲ್ಲ. ಐಸಿಎಂಆರ್-ಇಂಡಿಯಾಬ್ ಅಧ್ಯಯನದ 2025ರ ವರದಿಯಂತೆ ಭಾರತೀಯರ ಊಟದ ಶಕ್ತಿಯಲ್ಲಿ ಶೇ. 62ರಷ್ಟು ಪಿಷ್ಟ, ಸಕ್ಕರೆಯಿಂದಲೇ ಬರುತ್ತದೆ. ದಾವತ್‌ಗಳಲ್ಲಿ ಬಿರಿಯಾನಿಯ ರಾಶಿಯ ಮೇಲೆ ಸಿಹಿ, ಅದರ ಮೇಲೆ ತಂಪು ಪಾನೀಯ. ನಮ್ಮಲ್ಲಿ ಸಕ್ಕರೆ ಕಾಯಿಲೆ ಮನೆಮನೆಗೆ ಬಂದಿರುವುದು ಸುಮ್ಮನೆ ಅಲ್ಲ. ಅದೇ ಅಧ್ಯಯನ 2022ರಲ್ಲಿ 18 ಸಾವಿರಕ್ಕೂ ಹೆಚ್ಚು ವಯಸ್ಕರ ಊಟವನ್ನು ಪರಿಶೀಲಿಸಿ ಒಂದು ಸಲಹೆ ಕೊಟ್ಟಿತು. ಪಿಷ್ಟದ ಪಾಲನ್ನು ಅರ್ಧದ ಆಸುಪಾಸಿಗೆ ಇಳಿಸಿ, ಪ್ರೋಟೀನಿನ ಪಾಲನ್ನು ಐದನೇ ಒಂದರಷ್ಟಕ್ಕೆ ಏರಿಸುವುದು ಒಳ್ಳೆಯದು ಎಂಬುದೇ ಅದು. ಅನ್ನವನ್ನು ಕಡಿಮೆ ಮಾಡಬೇಕು ನಿಜ, ಸೊನ್ನೆ ಮಾಡಬೇಕಿಲ್ಲ. ಒಂದು ಸಣ್ಣ ಮುದ್ದೆ, ಸೊಪ್ಪಿನ ಸಾರು, ಬೇಳೆ, ಒಂದು ಮೊಟ್ಟೆ ಅಥವಾ ಎರಡು ತುಂಡು ಮಾಂಸ, ಒಂದು ಹಣ್ಣು. ಇದಕ್ಕೆ ದುಬಾರಿ ಪುಡಿ ಡಬ್ಬಗಳು ಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣಾಂಶವೂ 11 ಗ್ರಾಂ ನಾರೂ ಇದೆ. ಮಾಂಸದಲ್ಲಿ ನಾರು ಇಲ್ಲವೇ ಇಲ್ಲ.

ಬಂಧುಗಳೇ, ಹೊಟ್ಟೆಯನ್ನು ಮೂರು ಪಾಲಾಗಿ ಕಾಣುವ ಪ್ರವಾದಿ(ಸ)ಯವರ ಬೋಧನೆ ನಮ್ಮ ಮಕ್ಕಳಿಗೂ ಗೊತ್ತು. ನಮ್ಮ ಧರ್ಮ ಕಲಿಸುವುದು ಮಧ್ಯಮ ಮಾರ್ಗವನ್ನು. ದೇಹ ಅಲ್ಲಾಹನು ಕೊಟ್ಟ ಅಮಾನತ್ತು. ಅದನ್ನು ಅತಿಯಾಗಿ ತುಂಬುವುದೂ ತಪ್ಪು, ಛಲಕ್ಕೆ ಬಿದ್ದು ಸವೆಸುವುದೂ ತಪ್ಪು.

ಕೊನೆಯದಾಗಿ ಕೆಲವು ಮಾತು. ಒಂದನೆಯದಾಗಿ, ದಣಿವು ಮೂರು ನಾಲ್ಕು ವಾರ ಮೀರಿದರೆ ವೈದ್ಯರನ್ನು ಕಾಣಿರಿ. ಬಡಾವಣೆಯ ನಮ್ಮ ಕ್ಲಿನಿಕ್‌ಗೆ ಹೋಗಲು ಹಣದ ಚಿಂತೆ ಬೇಕಿಲ್ಲ. ಎರಡನೆಯದಾಗಿ, ಒಂದು ವಾರ ತಿಂದದ್ದನ್ನೆಲ್ಲ ಚೀಟಿಯಲ್ಲಿ ಬರೆದು ಅವರಿಗೆ ತೋರಿಸಿ. ಏನು ಬಿಟ್ಟಿದ್ದೀರಿ ಎಂಬುದನ್ನು ಮುಚ್ಚಿಡಬೇಡಿ. ಮೂರನೆಯದಾಗಿ, ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಬಿ12, ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ಇವುಗಳಲ್ಲಿ ಯಾವ ಪರೀಕ್ಷೆ ಬೇಕೆಂದು ಅವರನ್ನೇ ಕೇಳಿ. ಬಿ.ಪಿ. ಇರುವವರು ಸುಸ್ತಿಗೆಂದು ತಾವೇ ಉಪ್ಪು ಹೆಚ್ಚಿಸಬೇಡಿ. ತಂದೆತಾಯಂದಿರೇ, ಮಗ ಮಲಗಿಯೇ ಇದ್ದರೆ ಬೈಯುವ ಮೊದಲು ಏನು ತಿಂದಿದ್ದಾನೆಂದು ಕೇಳಿ.

ಆ ಹುಡುಗ ಈಗ ಮಧ್ಯಾಹ್ನ ಮನೆಯವರ ಜೊತೆ ಕುಳಿತು ಊಟ ಮಾಡುತ್ತಾನೆ. ಜಿಮ್ಮನ್ನು ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಅಲ್ಲಾಹನು ನಮಗೆಲ್ಲ ಆರೋಗ್ಯವನ್ನೂ ಅದನ್ನು ಕಾಪಾಡಿಕೊಳ್ಳುವ ವಿವೇಕವನ್ನೂ ಕರುಣಿಸಲಿ, ಆಮೀನ್.