ಬೇಸಗೆಯ ರಜೆಗೆ ಕಾರವಾರ

ಏಪ್ರಿಲ್ ಎರಡನೆಯ ವಾರ ಬಂತೆಂದರೆ ಶಾಲೆಗಳಿಗೆ ರಜೆ. ನವಲಿಯ ಕಡೆ ಆ ಹೊತ್ತಿಗೆ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರಿರುತ್ತದೆ. ಮಧ್ಯಾಹ್ನ ಓಣಿಯಲ್ಲಿ ನಾಯಿ ಕೂಡ ಅಡ್ಡಾಡುವುದಿಲ್ಲ. ಆಗ ಮಕ್ಕಳು ಕೇಳುವುದು ಒಂದೇ ಮಾತು: "ಅಪ್ಪಾ, ಈ ಸಲ ಸಮುದ್ರಕ್ಕೆ ಹೋಗೂಣೇನು?"

ಅವಶ್ಯ ಹೋಗಿ ಬನ್ನಿ. ಕಡಲೂ ಗುಡ್ಡವೂ ಒಂದೆಡೆ ಸಿಗುವ ಊರು ನಮ್ಮ ನಾಡಿನಲ್ಲೇ ಇದೆ, ಅದೇ ಕಾರವಾರ. ಆದರೆ ತಂಪನ್ನು ಅರಸಿ ಕಡಲಿಗೆ ಹೋದವರು ನಿರಾಶರಾಗುತ್ತಾರೆ. ಹೊತ್ತನ್ನು ಅರಿತು ಹೋದವರು ಸಂತೋಷಪಡುತ್ತಾರೆ. ನಾನಿಂದು ಹೇಳಬೇಕೆಂದಿರುವುದು ಇಷ್ಟೇ.

ನಮ್ಮ ಮನೆಯ ಹರವಿಯನ್ನೇ ನೋಡಿ. ಮಣ್ಣಿನ ಮೈಯಿಂದ ಒಸರಿದ ನೀರು ಒಣಗಾಳಿಗೆ ಆರುತ್ತದೆ, ಆರುವಾಗ ಒಳಗಿನ ನೀರಿನ ಕಾವನ್ನು ಎಳೆದುಕೊಂಡು ಹೋಗುತ್ತದೆ. ಅದೇ ಹರವಿಯನ್ನು ಕಾರವಾರಕ್ಕೆ ಒಯ್ದರೆ ನೀರು ಅಷ್ಟು ತಣ್ಣಗಾಗದು. ಅಲ್ಲಿಯ ಗಾಳಿಯಲ್ಲಿ ಮೊದಲೇ ನೀರಿನ ಪಸೆ ತುಂಬಿದೆ. ನಮ್ಮ ಮೈಯೂ ಒಂದು ಹರವಿಯೇ ಅಲ್ಲವೆ? ಅಲ್ಲಿ ಬಿಸಿಲು ನಮ್ಮೂರಿಗಿಂತ ಐದಾರು ಡಿಗ್ರಿ ಕಡಿಮೆಯಿದ್ದರೂ ಬೆವರು ಆರದೆ ಧಗೆ ಹೆಚ್ಚೆನಿಸುತ್ತದೆ. ತೆಳುವಾದ ಹತ್ತಿಯ ಬಟ್ಟೆ, ಮೇಲಿಂದ ಮೇಲೆ ನೀರು, ಮಜ್ಜಿಗೆ ಅಥವಾ ಅಲ್ಲಿಯ ಮುರುಗಲು ಪಾನಕ, ಇವೇ ಅದಕ್ಕೆ ಮದ್ದು.

ಯಾವಾಗ ಹೊರಡಬೇಕು? ಕಾಲುವೆಯ ಕೆಳಗೆ ಭೂಮಿಯಿರುವವರಿಗೆ ಎರಡನೆಯ ಬೆಳೆಯ ರಾಶಿ ಮುಗಿಯಬೇಕು. ಅತ್ತ ಮುಂಗಾರು ಜೂನ್ ಮೊದಲ ವಾರದಲ್ಲಿ ಕಾರವಾರ ಮುಟ್ಟುವುದು ವಾಡಿಕೆ. ಅದಕ್ಕೂ ಮುಂಚೆಯೇ ಕಡಲು ಒರಟಾಗತೊಡಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧವಿದೆ. ಆದ್ದರಿಂದ ಮೇ ತಿಂಗಳ ಮೊದಲ ಹದಿನೈದು ದಿನಗಳೇ ಲೇಸು. ಶನಿವಾರ, ಭಾನುವಾರ ಬಿಟ್ಟು ಹೋದರೆ ಗದ್ದಲವೂ ಕಡಿಮೆ, ಖರ್ಚೂ ಕಡಿಮೆ. ತಂಗುವ ಕೋಣೆಯನ್ನು ಮಾತ್ರ ಮೊದಲೇ ಗೊತ್ತು ಮಾಡಿಕೊಳ್ಳಿ.

ಗಂಗಾವತಿ, ಕಾರಟಗಿಗಳಿಗೆ ಈಗ ರೈಲು ಬಂದಿದೆ. ಹುಬ್ಬಳ್ಳಿಯವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಬಸ್ಸು ಹಿಡಿದರೆ ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟವಿಳಿದು ಅಂಕೋಲೆಯ ಮೇಲೆ ಕಾರವಾರ. ಈ ದಾರಿ ಸುಮಾರು 165 ಕಿಲೋಮೀಟರು. ಘಟ್ಟದ ತಿರುವುಗಳಲ್ಲಿ ಮಕ್ಕಳಿಗೆ ವಾಂತಿಯಾಗುವುದುಂಟು. ಅಂದು ಹೊಟ್ಟೆ ಹಗುರವಾಗಿರಲಿ. ಅಂಕೋಲೆಯ ಕರಿ ಇಶಾಡು ಮಾವಿಗೆ ಮೇ ತಿಂಗಳೇ ಕಾಲ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಹಣ್ಣದು, ತಿನ್ನದೆ ಬರಬೇಡಿ.

ಊರು ಸೇರಿದ ಮೇಲೆ ದಿನವನ್ನು ಹೀಗೆ ಹಂಚಿಕೊಳ್ಳಿ: ಬೆಳಗು ಮತ್ತು ಸಂಜೆ ಕಡಲಿಗೆ, ನಡುಹಗಲು ಕಾಡಿನ ನೆರಳಿಗೆ. ಕದ್ರಾದ ಮೇಲಿನ ದಾರಿಯಲ್ಲಿ ಐವತ್ತು ಕಿಲೋಮೀಟರಿನಷ್ಟು ಹೋದರೆ ಅಣಶಿ ಘಟ್ಟ. ಮೇಲೇರಿದಂತೆ ಪ್ರತಿ ಸಾವಿರ ಮೀಟರಿಗೆ ಆರು ಡಿಗ್ರಿಯಷ್ಟು ಕಾವು ಇಳಿಯುತ್ತದೆ. ಅರ್ಧ ಸಾವಿರ ಏರಿದರೂ ಮೂರು ಡಿಗ್ರಿ ಲಾಭ, ಮೇಲೆ ಮರಗಳ ನೆರಳು. ಎರಡು ಕುಟುಂಬ ಕೂಡಿ ಒಂದು ಬಾಡಿಗೆ ಗಾಡಿ ಮಾಡಿಕೊಂಡರೆ ಸುಲಭ. ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಕಂಡಕಂಡಲ್ಲಿ ಇಳಿಯಬೇಡಿ, ಕತ್ತಲಾಗುವ ಮುಂಚೆ ಮರಳಿ ಬನ್ನಿ. ಬೇಸಗೆಯಲ್ಲಿ ಜಲಪಾತಗಳು ಸೊರಗಿರುತ್ತವೆಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿರಿ.

ಸಂಜೆಯ ಕಡಲದಂಡೆಗೆ ರವೀಂದ್ರನಾಥ ಠಾಕೂರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ತರುಣ ರವೀಂದ್ರರು ಇಲ್ಲಿಗೆ ಬಂದಿದ್ದರು. ಬೆಳುದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಸಾಗಿದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. 'ಚಪಲ್' ಎಂಬ ಯುದ್ಧನೌಕೆಯೂ ಈ ದಂಡೆಯಲ್ಲೇ ಇದೆ; ಮಕ್ಕಳಿಗೆ ತೋರಿಸಿ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮ ಹುಡುಗರು ಬಾವಿಯಲ್ಲಿ, ಕಾಲುವೆಯಲ್ಲಿ ಈಜು ಕಲಿತವರು. ಆ ಧೈರ್ಯವೇ ಕಡಲಲ್ಲಿ ಅಪಾಯ. ಕಾಲುವೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಕಡಲು ಬಂದಂತೆ ಬಂದು ಹಿಂದಕ್ಕೆ ಸೆಳೆಯುತ್ತದೆ, ಕಾಲಡಿಯ ಮರಳೂ ಜಾರುತ್ತದೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಲ್ಲಿ ತೀರಿಕೊಂಡರು. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಕಾರವಾರಕ್ಕೆ ಮರಳುತ್ತಿದ್ದ ದೋಣಿ ಮಗುಚಿ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಹೀಗಾಗಿ ಜೀವರಕ್ಷಕರು ಇರುವಲ್ಲಿ ಮಾತ್ರ ನೀರಿಗಿಳಿಯಿರಿ, ಮೊಣಕಾಲು ಮೀರಬೇಡಿ, ಮಕ್ಕಳ ಕೈ ಬಿಡಬೇಡಿ. ಲೈಫ್ ಜಾಕೆಟ್ ಕೊಡದ ದೋಣಿಯನ್ನು, ಜನ ತುಂಬಿ ತುಳುಕುವ ದೋಣಿಯನ್ನು ಹತ್ತಬೇಡಿ. ಸೆಳೆತಕ್ಕೆ ಸಿಕ್ಕಿದರೆ ಎದುರು ಈಜಿ ದಣಿಯಬಾರದು. ದಂಡೆಯ ಗುಂಟ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಬಳಿಕ ದಡದ ಕಡೆ ತಿರುಗಬೇಕು.

ನೀರಿನ ಬೆಲೆ ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಅದರ ಬಲವನ್ನೂ ತಿಳಿದು ನಡೆದರೆ ಹೋದಷ್ಟು ಜನ ನಗುತ್ತ ಊರಿಗೆ ಮರಳಬಹುದು. ನಿಮ್ಮ ರಜೆ ಸುಖವಾಗಲಿ.