ಅಡುಗೆಮನೆಯ ಸನ್ನಿಧಿ

ಬೆಳಗಿನ ಈ ಹೊತ್ತಿಗೆ ನಿಮ್ಮಲ್ಲಿ ಹಲವರು ಅಡುಗೆಮನೆಯಲ್ಲೇ ಇರುತ್ತೀರಿ. ಕುಕ್ಕರ್ ಕೂಗುತ್ತಿರುತ್ತದೆ, ಮಕ್ಕಳ ಡಬ್ಬಿ ಕಟ್ಟಬೇಕು, ಹಾಲು ಉಕ್ಕದಂತೆ ನೋಡಿಕೊಳ್ಳಬೇಕು. ಈ ಗಡಿಬಿಡಿಯಲ್ಲಿ ದೇವರನ್ನು ನೆನೆಯಲು ಪುರುಸೊತ್ತೆಲ್ಲಿ ಅನ್ನುವವರಿಗೆ ನಾನಿವತ್ತು ಒಬ್ಬ ಅಡುಗೆಯವರ ಕಥೆ ಹೇಳಬೇಕು.

ಅವರ ಹೆಸರು ನಿಕೊಲಾ ಹೆರ್ಮನ್. ಹದಿನೇಳನೇ ಶತಮಾನದ ಆರಂಭದಲ್ಲಿ, ಈಗಿನ ಫ್ರಾನ್ಸಿನ ಲೊರೇನ್ ಸೀಮೆಯ ಬಡ ಮನೆಯಲ್ಲಿ ಹುಟ್ಟಿದವರು. ಹದಿನೆಂಟರ ಹರೆಯದಲ್ಲಿ, ಒಂದು ಚಳಿಗಾಲ, ಎಲೆಯುದುರಿ ಬೋಳಾಗಿ ನಿಂತ ಮರವೊಂದು ಅವರ ಕಣ್ಣಿಗೆ ಬಿತ್ತು. ಇದೇ ಮರ ಇನ್ನು ಕೆಲವೇ ದಿನಗಳಲ್ಲಿ ಚಿಗುರುತ್ತದೆ, ಹೂ ಬಿಡುತ್ತದೆ, ಕಾಯಿ ಕಟ್ಟುತ್ತದೆ ಎಂದು ಹೊಳೆದದ್ದೇ ತಡ, ದೇವರ ಮೇಲಿನ ಪ್ರೀತಿ ಎದೆಯಲ್ಲಿ ಬೇರೂರಿತು. ಸೈನಿಕರಾಗಿ ಯುದ್ಧದಲ್ಲಿ ಗಾಯಗೊಂಡರು. ಆಮೇಲೆ ಒಬ್ಬ ಸಿರಿವಂತರ ಮನೆಯಲ್ಲಿ ಆಳಾದರು. ಅಲ್ಲಿ ಮುಟ್ಟಿದ್ದನ್ನೆಲ್ಲ ಒಡೆದುಹಾಕುತ್ತಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. 1640ರಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠ ಸೇರಿ ಬ್ರದರ್ ಲಾರೆನ್ಸ್ ಆದರು. 1870ರಲ್ಲಿ ಫ್ರಾನ್ಸಿನಿಂದ ಬಂದು ಮಂಗಳೂರಿನಲ್ಲಿ ಕನ್ಯಾಮಠ ಕಟ್ಟಿದ ಸನ್ಯಾಸಿನಿಯರೂ ಇದೇ ಕಾರ್ಮೆಲ್ ಸಭೆಯವರು.

ಮಠದಲ್ಲಿ ಲಾರೆನ್ಸರ ಪಾಲಿಗೆ ಬಂದದ್ದು ಅಡುಗೆಮನೆ. ಅಡುಗೆ ಕೆಲಸವೆಂದರೆ ಅವರಿಗೆ ಮೊದಲಿನಿಂದಲೂ ಒಗ್ಗದು. ಆದರೂ ಸುಮಾರು ಹದಿನೈದು ವರ್ಷ ಅಲ್ಲೇ ದುಡಿದರು. ಒಮ್ಮೆ ಮಠಕ್ಕೆ ದ್ರಾಕ್ಷಾರಸ ಕೊಂಡು ತರಲು ಬರ್ಗಂಡಿಗೆ ಹೋಗಬೇಕಾಯಿತು. ವ್ಯಾಪಾರ ತಿಳಿಯದು, ಕಾಲು ಕುಂಟು. ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಅತ್ತಿತ್ತ ಸಾಗಬೇಕಿತ್ತು. ಇದು ನಿನ್ನ ಕೆಲಸ ಸ್ವಾಮಿ, ನೀನೇ ನೋಡಿಕೋ ಎಂಬ ಭಾವದಲ್ಲಿ ದೇವರಿಗೆ ಒಪ್ಪಿಸಿ ಹೊರಟರು. ಕೆಲಸ ಸುಸೂತ್ರವಾಗಿ ಮುಗಿಯಿತು.

ಇಷ್ಟು ಕೇಳಿದರೆ ಅವರಿಗೆ ಭಕ್ತಿ ಸಲೀಸಾಗಿ ಒಲಿದಿತ್ತು ಅನ್ನಿಸಬಹುದು. ಹಾಗಿರಲಿಲ್ಲ. ಮೊದಲ ಹತ್ತು ವರ್ಷ ತಾನು ಪಟ್ಟ ಸಂಕಟವನ್ನು ಅವರು ಒಂದು ಪತ್ರದಲ್ಲಿ ತೋಡಿಕೊಂಡಿದ್ದಾರೆ. ತನ್ನ ಪಾಪಗಳು ಸದಾ ಕಣ್ಣೆದುರು ನಿಲ್ಲುತ್ತಿದ್ದವು. ಬಿದ್ದೆ, ಎದ್ದೆ, ಮತ್ತೆ ಬಿದ್ದೆ. ತನ್ನ ಬುದ್ಧಿಯೇ ತನಗೆ ಎದುರಾಳಿಯಾದಂತಿತ್ತು. ಕೊನೆಗೆ, ಸಾಯುವ ತನಕ ಹೀಗೇ ಇದ್ದರೂ ಸರಿ, ದೇವರನ್ನು ಮಾತ್ರ ಬಿಡಲಾರೆ ಎಂದು ಮನಸ್ಸು ಗಟ್ಟಿಮಾಡಿಕೊಂಡರು. ಆ ಹೊತ್ತಿಗೆ, ಅವರು ನಿರೀಕ್ಷಿಸಿಯೇ ಇರದಿದ್ದ ಶಾಂತಿ ಒಳಗೆ ಬಂದು ನೆಲೆಸಿತು.

ಆ ಹತ್ತು ವರ್ಷಗಳೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುತ್ತವೆ. ಪೂರ್ಣ ಹೃದಯದಿಂದ ದೇವರನ್ನು ಪ್ರೀತಿಸಬೇಕೆಂದು ಯೇಸುಸ್ವಾಮಿ ಹೇಳಿದಾಗ ನಾವು ಅಲುಗಾಡದ ಮನಸ್ಸೊಂದನ್ನು ಕಲ್ಪಿಸಿಕೊಳ್ಳುತ್ತೇವೆ. ನಮ್ಮ ಮನಸ್ಸು ಹಾಗಿಲ್ಲ. ಸಂಜೆ ಜಪಸರ ಹಿಡಿದು ಕೂತರೆ ಹತ್ತು ಮಣಿ ಸರಿಯುವುದರೊಳಗೆ ನಾನು ಬ್ಯಾಂಕಿನ ಕಂತಿನ ಲೆಕ್ಕದಲ್ಲಿರುತ್ತೇನೆ. ಗುಡಿಯಲ್ಲಿ ಬಲಿಪೂಜೆಯ ನಡುವೆ ಜೇಬಿನ ಮೊಬೈಲ್ ಒಮ್ಮೆ ನಡುಗಿದರೆ ಸಾಕು, ಯಾರಿರಬಹುದು ಎಂಬ ಪ್ರಶ್ನೆ ಗುರುಗಳ ಪ್ರಬೋಧನೆಗಿಂತ ದೊಡ್ಡದಾಗುತ್ತದೆ. ಮನೆಗೆ ಮರಳುವಾಗ, ನನ್ನಂಥವನಿಗೆ ಇದೆಲ್ಲ ದಕ್ಕುವುದಲ್ಲ ಎಂಬ ನಿರಾಸೆ. ಅಲೆದಾಡಿದ ಮನಸ್ಸಿಗಿಂತ ಈ ನಿರಾಸೆಯೇ ನನ್ನನ್ನು ದೇವರಿಂದ ದೂರ ಒಯ್ದಿದೆ.

ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುತ್ತಿಲ್ಲ ಎಂದು ಅಳಲು ಹೇಳಿಕೊಂಡಿದ್ದ ಒಬ್ಬರಿಗೆ ಲಾರೆನ್ಸ್ ಬರೆದ ಉತ್ತರದಲ್ಲಿ ಬೈಗುಳವಿಲ್ಲ. ಇದೇನೂ ಹೊಸತಲ್ಲ, ಮನಸ್ಸಿನ ಗುಣವೇ ಅಲೆಯುವುದು ಎಂದು ಮೊದಲೇ ಸಮಾಧಾನ ಹೇಳುತ್ತಾರೆ. ಸಿರಿವಂತನ ಬಾಗಿಲಲ್ಲಿ ಕುಳಿತ, ಮಾತೂ ಬಾರದ ಕಾಲೂ ಇಲ್ಲದ ಭಿಕ್ಷುಕನ ಹಾಗೆ ದೇವರ ಮುಂದೆ ಸುಮ್ಮನೆ ಇರಿ ಎನ್ನುತ್ತಾರೆ. ಮನಸ್ಸು ಓಡಿತೇ, ಹೋಗಲಿ. ತಳಮಳಪಡದೆ ಮೆಲ್ಲಗೆ ಕರೆದುಕೊಂಡು ಬನ್ನಿ. ಜಾತ್ರೆಯಲ್ಲಿ ಕೈಬಿಡಿಸಿಕೊಂಡು ಬಣ್ಣದ ಅಂಗಡಿಯತ್ತ ಓಡಿದ ಮಗುವನ್ನು ತಾಯಿ ಮತ್ತೆ ಕೈಹಿಡಿದು ತರುವುದಿಲ್ಲವೇ? ಈ ಹೋಲಿಕೆ ನನ್ನದು, ಆದರೆ ಆ ಪತ್ರ ಓದುವಾಗಲೆಲ್ಲ ನನಗೆ ಕಾಣುವುದು ಆ ತಾಯಿಯೇ. ದಿನಕ್ಕೆ ನೂರು ಸಲ ಮನಸ್ಸು ಓಡಿದರೆ ನೂರು ಸಲ ಮರಳಿ ಬರಬಹುದು. ಆ ನೂರು ಮರಳುವಿಕೆಗಳೂ ಪ್ರೀತಿಯೇ ಎಂದು ನಾನು ನಂಬಿದ್ದೇನೆ.

ಮುಂದೆ ಲಾರೆನ್ಸರಿಗೆ ಮಠದವರ ಪಾದರಕ್ಷೆ ಹೊಲಿಯುವ ಕೆಲಸ ಬಂತು. 1691ರ ಫೆಬ್ರವರಿಯಲ್ಲಿ ತೀರಿಕೊಂಡರು. ಒಂದು ಪುಸ್ತಕವನ್ನೂ ಅವರು ಬರೆಯಲಿಲ್ಲ. ಅವರ ಕೆಲವು ಪತ್ರಗಳನ್ನೂ ಮಾತುಕತೆಗಳನ್ನೂ ಜೋಸೆಫ್ ದ ಬೋಫೋರ್ ಎಂಬ ಗುರುಗಳು ಸೇರಿಸಿ ಪ್ರಕಟಿಸಿದ್ದರಿಂದ ಇಷ್ಟಾದರೂ ನಮಗೆ ದಕ್ಕಿದೆ. ಅದರಲ್ಲೊಂದು ಚಿತ್ರವಿದೆ. ಲಾರೆನ್ಸ್ ಬಾಣಲೆಯಲ್ಲಿ ಆಮ್ಲೆಟ್ ಮಗುಚುತ್ತಿದ್ದದ್ದೂ ದೇವರ ಮೇಲಿನ ಪ್ರೀತಿಗಾಗಿಯೇ. ಅದು ಬೆಂದ ಮೇಲೆ ಬೇರೆ ಕೆಲಸವಿಲ್ಲದಿದ್ದರೆ ಅಲ್ಲೇ ನೆಲಕ್ಕೆ ಅಡ್ಡಬಿದ್ದು ದೇವರಿಗೆ ನಮಿಸುತ್ತಿದ್ದರಂತೆ. ಏಳುವಾಗ ಯಾವ ಅರಸನಿಗೂ ಇಲ್ಲದ ಸಂತೋಷ ಅವರದಾಗಿರುತ್ತಿತ್ತು.