ಜಾಲತಾಣದ ಮಾರುಕಟ್ಟೆ ಮತ್ತು ಮಲೆನಾಡಿನ ಸಣ್ಣ ಉದ್ಯಮ
(ಕಾರ್ಯಾಗಾರವೊಂದರಲ್ಲಿ ನೀಡಿದ ಉಪನ್ಯಾಸದ ಪಾಠ)



2021ರ ಮಧ್ಯಭಾಗದಲ್ಲಿ ಕೊರೊನಾದ ಎರಡನೆಯ ಅಲೆಯ ಕಾಲ. ತೋಟಗಳಲ್ಲಿ ಬಾಳೆಗೊನೆಗಳು ಬಲಿತಿದ್ದವು, ಕೊಳ್ಳುವವರಿರಲಿಲ್ಲ. ಆಗ ‘ಅಡಿಕೆ ಪತ್ರಿಕೆ’ಯ ಸಂಪಾದಕ ಶ್ರೀ ಪಡ್ರೆಯವರು ಮತ್ತು ‘ಎನಿ ಟೈಮ್ ವೆಜಿಟೆಬಲ್’ ಎಂಬ ವಾಟ್ಸಾಪ್ ಬಳಗದವರು ಕೂಡಿ ಬಾಳೆಕಾಯಿಯ ಹುಡಿಯ ಪ್ರಚಾರಕ್ಕೆ ತೊಡಗಿದರು. ಬಾಳೆ, ಕಾಯಿ, ಹುಡಿ ಎಂಬ ಮೂರು ಪದಗಳ ಮೊದಲಕ್ಷರಗಳನ್ನು ಜೋಡಿಸಿ ‘ಬಾಕಾಹು’ ಎಂಬ ಹೆಸರು ಹುಟ್ಟಿತು. ದಕ್ಷಿಣ ಕನ್ನಡ ಮತ್ತು ಉತ್ತರ ಕನ್ನಡದ ಗೃಹಿಣಿಯರು ಕಾಯಿಯನ್ನು ಹೆಚ್ಚಿ, ಒಣಗಿಸಿ, ಪುಡಿಮಾಡಿ, ಅದರಿಂದ ದೋಸೆ, ಗುಲಾಬ್ ಜಾಮೂನುಗಳನ್ನು ಮಾಡಿದರು. ಚಿತ್ರಗಳನ್ನು ಜಾಲತಾಣಗಳಲ್ಲಿ ಹಂಚಿಕೊಂಡರು. ಅದೇ ವರ್ಷದ ಜುಲೈ 25ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಮಂತ್ರಿಗಳು ಈ ಪ್ರಯತ್ನವನ್ನು ಪ್ರಸ್ತಾಪಿಸಿದರು.

ಈ ಪ್ರಸಂಗದಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಅಲ್ಲಿ ಮೊದಲು ಹಬ್ಬಿದ್ದು ಸರಕಿನ ಜಾಹೀರಾತಲ್ಲ, ಸರಕನ್ನು ಮಾಡುವ ಬಗೆ. ಹೋಳನ್ನು ಎಷ್ಟು ತೆಳುವಾಗಿ ಹೆಚ್ಚಬೇಕು, ಕಪ್ಪಾಗದಂತೆ ಹೇಗೆ ಕಾಪಾಡಬೇಕು, ಮಳೆಗಾಲದಲ್ಲಿ ಒಣಗಿಸುವುದೆಂತು ಎಂಬ ಪ್ರಶ್ನೆಗಳಿಗೆ ಮಾಡಿ ನೋಡಿದವರೇ ಉತ್ತರಿಸಿದರು. ತಿರುಳಿನ ತೂಕದಲ್ಲಿ ಸುಮಾರು ಮೂರನೆಯ ಎರಡು ಪಾಲು ನೀರೇ ಇರುವುದರಿಂದ ಒಣಗಿಸುವ ಕೆಲಸ ಸುಲಭದ್ದಲ್ಲ. ತಯಾರಿಕೆಯ ಕಷ್ಟವನ್ನು ಕಣ್ಣಾರೆ ಕಂಡ ಗ್ರಾಹಕನು ಬೆಲೆಯ ವಿಚಾರದಲ್ಲಿ ಚೌಕಾಸಿಗೆ ಇಳಿಯುವುದು ಕಡಿಮೆ. ಛಾಯಾಚಿತ್ರದ ಥಳುಕಿಗಿಂತ ಇಂತಹ ವಿವರಗಳೇ ಸಣ್ಣ ಉದ್ಯಮಿಯ ಬಂಡವಾಳ.

ಬಾಳೆ ತೋಟದ ಬೆಳೆ. ಕಡಿದರೆ ಕಂದು ಬರುತ್ತದೆ. ಕಾಡಿನ ಉತ್ಪನ್ನದ ಲೆಕ್ಕ ಬೇರೆ. ಜಾಲತಾಣಗಳು ಹುಟ್ಟುವುದಕ್ಕೂ ಮುನ್ನ ಉತ್ತರ ಕನ್ನಡದ ಉಪ್ಪಾಗೆ ಮರಗಳು ಪ್ರಚಾರದ ಪೆಟ್ಟು ತಿಂದಿದ್ದವು. ಉಪ್ಪಾಗೆಯ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ದೇಹದ ತೂಕ ಇಳಿಸುತ್ತದೆಂಬ ಸುದ್ದಿ 1990ರ ದಶಕದಲ್ಲಿ ಅಮೆರಿಕದಲ್ಲಿ ಹರಡಿತು. ಇಲ್ಲಿ ಸಿಪ್ಪೆಯ ಬೆಲೆ ಏರಿತು. ಹಣ್ಣಾಗುವ ಮೊದಲೇ ಕಾಯಿ ಕೊಯ್ದರು, ಕೊಂಬೆಗಳನ್ನೇ ಕಡಿದರು. ಮಳೆಗಾಲದ ಫಸಲಾದ್ದರಿಂದ ಸಿಪ್ಪೆ ಒಣಗಿಸಲು ಕಾಡಿನ ಕಟ್ಟಿಗೆಯೂ ಉರಿಯಿತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಉಪ್ಪಾಗೆಯ ಸಾರ ಸೇವಿಸಿದವರಿಗೂ ಹುಸಿ ಮಾತ್ರೆ ಸೇವಿಸಿದವರಿಗೂ ತೂಕದ ಇಳಿಕೆಯಲ್ಲಿ ಗಣನೀಯ ಅಂತರವೇ ಕಾಣಲಿಲ್ಲ. ಸುದ್ದಿ ಪೊಳ್ಳೆಂದು ತೋರುವ ಹೊತ್ತಿಗೆ ಇಲ್ಲಿ ಕೊಂಬೆಗಳು ನೆಲಕ್ಕುರುಳಿದ್ದವು.

ಆ ಸುದ್ದಿ ಸಮುದ್ರ ದಾಟಿ ಬರಲು ವರ್ಷಗಳೇ ಹಿಡಿದಿರಬಹುದು. ಇಂದು ಅಪ್ಪೆಮಿಡಿಯ ಕುರಿತ ಒಂದು ನಿಮಿಷದ ವಿಡಿಯೋ ರಾತ್ರಿ ಬೆಳಗಾಗುವುದರೊಳಗೆ ಲಕ್ಷ ಜನರನ್ನು ತಲುಪಬಲ್ಲದು. ಅಘನಾಶಿನಿಯ, ಶರಾವತಿಯ ಹೊಳೆಯಂಚಿನ ಮರಗಳು ಮಾತ್ರ ಲಕ್ಷ ಜನರಿಗಾಗಿ ಹೆಚ್ಚು ಮಿಡಿ ಬಿಡುವುದಿಲ್ಲ. ಕೆಲವು ಮರಗಳು ವರ್ಷ ಬಿಟ್ಟು ವರ್ಷ ಫಲ ಕೊಡುವಂಥವು. ಆದುದರಿಂದ ಮಿಡಿ ಕೊಯ್ದು ಉಪ್ಪುನೀರಿಗೆ ಹಾಕಿದ ಮೇಲೆ, ಎಷ್ಟು ಭರಣಿ ತುಂಬಿದೆಯೆಂದು ಎಣಿಸಿ, ಅಷ್ಟನ್ನೇ ಪ್ರಕಟಿಸುವುದು ವಿವೇಕ. ‘ಈ ವರ್ಷದ ಮಿಡಿ ಮುಗಿಯಿತು’ ಎಂದು ಬರೆಯುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಮುಗಿಯಿತೆಂದು ಹೇಳಬಲ್ಲ ವ್ಯಾಪಾರಿಯ ಮಾತಿನಲ್ಲಿ ಗ್ರಾಹಕನಿಗೆ ನಂಬಿಕೆ ಹುಟ್ಟುತ್ತದೆ. ಮುಂದಿನ ಫಾಲ್ಗುಣದಲ್ಲಿ ಅವನೇ ವಿಚಾರಿಸುತ್ತಾನೆ.

ಇನ್ನು ಜಾಲತಾಣಗಳ ಸ್ವಭಾವ. ಅವು ಗೇಣಿ ಭೂಮಿಯಿದ್ದಂತೆ, ಅದೂ ಕಾಯಿದೆಯ ರಕ್ಷಣೆಯಿಲ್ಲದ ಗೇಣಿ. ಹದಿನೈದು ವರ್ಷ ಉತ್ತು ಬಿತ್ತಿದರೂ ಒಡೆತನ ಬರುವುದಿಲ್ಲ. 2018ರ ಜನವರಿಯಲ್ಲಿ ಫೇಸ್‌ಬುಕ್ ಸಂಸ್ಥೆಯು ಸ್ನೇಹಿತರ, ಬಂಧುಗಳ ಬರಹಗಳಿಗೆ ಪ್ರಾಶಸ್ತ್ಯ ಕೊಟ್ಟು ವ್ಯಾಪಾರಿ ಪುಟಗಳನ್ನು ಹಿಂದಕ್ಕೆ ಸರಿಸುವುದಾಗಿ ಘೋಷಿಸಿತು. ಹಣ ತೆರದೆ ಜನರನ್ನು ತಲುಪುವುದು ಕಠಿಣವಾಯಿತು. 2020ರ ಜೂನ್ 29ರಂದು ಕೇಂದ್ರ ಸರಕಾರವು ಟಿಕ್‌ಟಾಕನ್ನು ನಿಷೇಧಿಸಿದಾಗ ಅದರಲ್ಲಿ ಅಭಿಮಾನಿಗಳನ್ನು ಗಳಿಸಿದ್ದವರ ಬಳಗ ಒಂದೇ ಸಲಕ್ಕೆ ಚದುರಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಮೂರೂ ಸುಮಾರು ಆರು ಗಂಟೆ ಸ್ತಬ್ಧವಾಗಿದ್ದವು.

ಇದಕ್ಕೆ ಉಪಾಯ ಹಳೆಯದೇ: ಗ್ರಾಹಕರ ಹೆಸರು, ಊರು, ದೂರವಾಣಿ ಸಂಖ್ಯೆಗಳನ್ನು, ಅವರ ಒಪ್ಪಿಗೆ ಪಡೆದು, ಒಂದು ನೋಟುಪುಸ್ತಕದಲ್ಲಿ ಬರೆದಿಡುವುದು. ವಾಟ್ಸಾಪಿನ ಪ್ರಸಾರ ಪಟ್ಟಿಯ ಸಂದೇಶವು ಮಾರುವವರ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಮುಟ್ಟುತ್ತದೆ. ಇದು ಕೊರತೆಯೆಂದು ಹಲವರು ಗೊಣಗುತ್ತಾರೆ. ವಾಸ್ತವವಾಗಿ ಬೇಡದವರ ಬಾಗಿಲು ಬಡಿಯದಂತೆ ಕಾಯುವ ಒಳ್ಳೆಯ ಬೇಲಿ ಇದು. ಜೋನಿಬೆಲ್ಲದ ಹತ್ತು ಡಬ್ಬಿ ಮಾರಲು ಹತ್ತು ಸಾವಿರ ಹಿಂಬಾಲಕರು ಬೇಕಿಲ್ಲ. ವರ್ಷ ವರ್ಷ ಕೊಳ್ಳುವ ಇನ್ನೂರು ಮನೆಗಳಿದ್ದರೆ ಒಂದು ಸ್ತ್ರೀಶಕ್ತಿ ಸಂಘದ ಕೈತುಂಬ ಕೆಲಸವಾಗುತ್ತದೆ.

ಮಾತಿನಲ್ಲಿ ಎಚ್ಚರವೂ ಬೇಕು. ‘ಸಾವಯವ’ ಎಂಬ ಶಬ್ದವನ್ನು ಈಗ ಮನಬಂದಂತೆ ಅಂಟಿಸುವಂತಿಲ್ಲ. 2017ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಅದಕ್ಕೆ ಪ್ರಮಾಣೀಕರಣ ಬೇಕು. ಗ್ರಾಹಕರಿಗೆ ನೇರವಾಗಿ ಮಾರುವ ಸಣ್ಣ ಬೆಳೆಗಾರರಿಗೆ ವಿನಾಯಿತಿಯುಂಟು. 2024ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹುಸಿ ಪರಿಸರಪ್ರೇಮದ ಜಾಹೀರಾತುಗಳ ವಿರುದ್ಧವೂ ಮಾರ್ಗಸೂಚಿ ಹೊರಡಿಸಿದೆ. ಉಪ್ಪಾಗೆಯ ಕಥೆ ಬಲ್ಲವರಿಗೆ ‘ಸಕಲ ರೋಗ ನಿವಾರಕ’ ಎಂಬಂತಹ ಮಾತು ಎಷ್ಟು ದುಬಾರಿಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಡೆಯದಾಗಿ ಮನೆಯೊಳಗಿನ ಮಾತು. ಹಪ್ಪಳ ಒತ್ತುವವಳೇ ಚಿತ್ರ ತೆಗೆದು, ರಾತ್ರಿ ಹನ್ನೊಂದಕ್ಕೆ ಗ್ರಾಹಕರ ಪ್ರಶ್ನೆಗೆ ಉತ್ತರಿಸಿ, ಬೆಳಗ್ಗೆ ಐದಕ್ಕೆ ಕೊಟ್ಟಿಗೆಗೆ ಹೋಗಬೇಕಾದ ಸ್ಥಿತಿ ಹಲವು ಮನೆಗಳಲ್ಲಿದೆ. ಗುಡ್ಡದ ಹಳ್ಳಿಯಲ್ಲಿ ಮಳೆಗಾಲಕ್ಕೆ ವಿದ್ಯುತ್ತೂ ಇರದು, ಸಿಗ್ನಲ್ಲೂ ಇರದು. ವಾರದಲ್ಲಿ ಎರಡು ದಿನ, ಇಂತಿಷ್ಟು ಹೊತ್ತು ಮಾತ್ರ ಉತ್ತರಿಸಲಾಗುವುದೆಂದು ಮೊದಲೇ ಸೂಚಿಸಿದರೆ ಕೊಳ್ಳುವವರು ಕಾಯುತ್ತಾರೆ. ಊರಿಗೆ ಬರುವ ಕಾಲೇಜು ವಿದ್ಯಾರ್ಥಿಗಳು ಶನಿವಾರ ಒಂದು ತಾಸು ಕುಳಿತು ಚಿತ್ರ, ವಿವರ, ದರಪಟ್ಟಿಗಳನ್ನು ಸಿದ್ಧಪಡಿಸಿಕೊಡಬಹುದು. ದರವನ್ನು ನಿಗದಿ ಮಾಡುವ ಅಧಿಕಾರವೂ ಬಂದ ಹಣದ ಖಾತೆಯೂ ಮಾತ್ರ ಹಪ್ಪಳ ಒತ್ತಿದ ಕೈಯಲ್ಲಿಯೇ ಇರತಕ್ಕದ್ದು.